ಮೊದಲು ಕಣ್ಣು ಎಲ್ಲಿಗೆ ಹೋತು, ಹೇಳ್ರಿ

ಲಕ್ಕುಂಡಿಯ ಕಾಶಿವಿಶ್ವೇಶ್ವರ ಗುಡಿಗೆ ಹೋದವರು ಅಲ್ಲಿಯ ಬಾಗಿಲುವಾಡದ ಹತ್ತಿರ ನಿಂತು ಒಂದು ಫೋಟೋ ತೆಗೆಸಿಕೊಳ್ಳದೆ ಬರುವುದು ಕಷ್ಟ. ಕೆತ್ತನೆ ಅಷ್ಟು ದಟ್ಟ, ಅಷ್ಟು ನಾಜೂಕು. ಆದರೆ ಊರಿಗೆ ಬಂದು ಆ ಫೋಟೋ ನಾಲ್ಕು ಜನಕ್ಕೆ ತೋರಿಸಿದಾಗ ಯಾರೋ ಒಬ್ಬರು ಕೇಳುತ್ತಾರೆ: "ಇವರ ತಲಿ ಮ್ಯಾಲೆ ಕಂಬ ಹೆಂಗ ಬಂತ್ರಿ?" ಹೌದಲ್ಲ! ನಿಂತವರ ನೆತ್ತಿಯಿಂದಲೇ ಕಲ್ಲಿನ ಕಂಬ ಎದ್ದ ಹಾಗಿದೆ. ತೆಗೆದವರಿಗೆ ಅದು ಆಗಲೂ ಕಂಡಿರಲಿಲ್ಲ, ಮನೆಗೆ ಬಂದು ಹತ್ತು ಸಲ ನೋಡಿದಾಗಲೂ ಕಂಡಿರಲಿಲ್ಲ. ಮೊದಲ ಸಲ ನೋಡಿದವರಿಗೆ ತಕ್ಷಣ ಕಂಡಿತು.

ಇದರಲ್ಲಿ ತೆಗೆದವರ ದಡ್ಡತನ ಏನೂ ಇಲ್ಲ. ನಮ್ಮ ಎರಡು ಕಣ್ಣುಗಳ ನಡುವೆ ಸುಮಾರು 6 ಸೆಂಟಿಮೀಟರ್ ಅಂತರವಿದೆ. ಎರಡಕ್ಕೂ ಸಿಗುವ ಚಿತ್ರ ಒಂಚೂರು ಬೇರೆ ಬೇರೆ. ಆ ವ್ಯತ್ಯಾಸದಿಂದಲೇ ಮಿದುಳು ಯಾವುದು ಹತ್ತಿರ, ಯಾವುದು ದೂರ ಎಂದು ಲೆಕ್ಕ ಹಾಕುತ್ತದೆ. ಆದ್ದರಿಂದ ಜಾಗದಲ್ಲಿ ನಿಂತಾಗ ಗೆಳೆಯನ ತಲೆ ಬೇರೆ, ಹಿಂದಿನ ಕಂಬ ಬೇರೆ. ಕ್ಯಾಮೆರಾಕ್ಕೆ ಇರುವುದು ಒಂದೇ ಕಣ್ಣು. ಅದು ಎರಡನ್ನೂ ಒಂದೇ ಹಾಳೆಗೆ ಅಂಟಿಸಿಬಿಡುತ್ತದೆ. ಕ್ಲಿಕ್ ಮಾಡುವ ಮುಂಚೆ ಒಂದು ಕಣ್ಣು ಮುಚ್ಚಿ ನೋಡುವ ಅಭ್ಯಾಸ ಕೆಲವರಿಗೆ ಇರುತ್ತದೆ. ಅದರ ಉಪಯೋಗ ಇದೇ.

ಮೊಬೈಲ್ ಪರದೆಯ ಮೇಲೆ ಆಗಲೇ ಚಪ್ಪಟೆ ಚಿತ್ರ ಇತ್ತಲ್ಲ ಎಂದು ನೀವು ಕೇಳಬಹುದು. ಇತ್ತು. ಆದರೆ ಗಮನವೆಲ್ಲ ಮುಖದ ಮೇಲಿತ್ತು. ನಮ್ಮ ಕಣ್ಣು ಸ್ಪಷ್ಟವಾಗಿ ನೋಡುವ ಜಾಗ ಬಹಳ ಚಿಕ್ಕದು. ಕೈ ಚಾಚಿ ಹಿಡಿದ ಹೆಬ್ಬೆರಳಿನ ಉಗುರಿನಷ್ಟು, ಸುಮಾರು 2 ಡಿಗ್ರಿ. ಉಳಿದದ್ದೆಲ್ಲ ಮಸುಕು. ಕಣ್ಣು ಸೆಕೆಂಡಿಗೆ ಮೂರು ನಾಲ್ಕು ಸಲ ಜಿಗಿದು, ತುಣುಕು ತುಣುಕಾಗಿ ನೋಡಿ, ಪೂರ್ತಿ ಚಿತ್ರ ಕಂಡೆ ಎಂಬ ಭಾವನೆ ಕೊಡುತ್ತದೆ. ಇನ್ನು ಗಮನದ ವಿಷಯ. 1999ರಲ್ಲಿ ಸೈಮನ್ಸ್ ಮತ್ತು ಚಾಬ್ರಿಸ್ ಎಂಬ ಇಬ್ಬರು ಮನೋವಿಜ್ಞಾನಿಗಳು ಒಂದು ವಿಡಿಯೋ ತೋರಿಸಿ, ಅದರಲ್ಲಿರುವವರು ಚೆಂಡನ್ನು ಎಷ್ಟು ಸಲ ದಾಟಿಸುತ್ತಾರೆ ಎಣಿಸಿ ಎಂದರು. ನಡುವೆ ಗೊರಿಲ್ಲಾ ವೇಷದ ಒಬ್ಬರು ಬಂದು, ಎದೆ ಬಡಿದುಕೊಂಡು ಹೋದರು. ನೋಡಿದವರಲ್ಲಿ ಸುಮಾರು ಅರ್ಧದಷ್ಟು ಜನಕ್ಕೆ ಗೊರಿಲ್ಲಾ ಕಾಣಲೇ ಇಲ್ಲ. ಗೆಳೆಯ ನಗಲಿ ಎಂದು ಕಾಯುತ್ತಿರುವವರಿಗೆ ಕಂಬ ಕಾಣದಿದ್ದರೆ ಆಶ್ಚರ್ಯವೇನು?

ಇದಕ್ಕೇ ನನಗೆ ಇನ್ನೊಬ್ಬರ ಅಭಿಪ್ರಾಯ ಇಷ್ಟು ಮುಖ್ಯ ಅನ್ನಿಸುವುದು. ತೆಗೆದವರಿಗೆ ಎಷ್ಟು ಪ್ರಯತ್ನಪಟ್ಟರೂ ಸಿಗದ ಒಂದು ವಸ್ತು ನೋಡುವವರ ಹತ್ತಿರ ಇದೆ: ಆ ಜಾಗಕ್ಕೆ ಹೋಗಿಲ್ಲದ ಕಣ್ಣು. ಆ ಕಣ್ಣು ಏನು ಕಂಡಿತು ಎಂದು ಹೇಳುವುದೇ ಒಳ್ಳೆಯ ಅಭಿಪ್ರಾಯ. ಫೋಟೋ ಚಲೋ ಇದೆಯೋ ಇಲ್ಲವೋ ಎಂಬ ತೀರ್ಪು ಆಮೇಲಿನದು. ಎಷ್ಟೋ ಸಲ ಅದು ಬೇಕಾಗುವುದೇ ಇಲ್ಲ.

ಗದಗ ಜಿಲ್ಲೆಯ ಮಾಗಡಿ ಕೆರೆಯ ಉದಾಹರಣೆ ನೋಡಿ. ಚಳಿಗಾಲದಲ್ಲಿ ಅಲ್ಲಿಗೆ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬರುತ್ತವೆ. 2024ರಲ್ಲಿ ಈ ಕೆರೆ ಜಗತ್ತಿನ ಮುಖ್ಯ ಕೆರೆ, ಜೌಗುಪ್ರದೇಶಗಳ ರಾಮ್‌ಸರ್ ಪಟ್ಟಿಗೂ ಸೇರಿತು. ಹುಬ್ಬಳ್ಳಿ, ಧಾರವಾಡದ ಹವ್ಯಾಸಿಗಳು ನಸುಕಿನಲ್ಲೇ ಎದ್ದು ಹೋಗಿ ಮೊಬೈಲ್‌ನಲ್ಲಿ ಫೋಟೋ ತೆಗೆದು ತರುತ್ತಾರೆ. ತೋರಿಸುವಾಗ ಮುಖ ಅರಳಿರುತ್ತದೆ. ನೋಡುವವರಿಗೆ ಕಾಣುವುದು ನೀರು, ಆಕಾಶ, ನಡುವೆ ಒಂದಿಷ್ಟು ಕರಿ ಚುಕ್ಕೆ. "ಹಕ್ಕಿ ಎಲ್ಲಿ ಅದಾವ್ರಿ?" ಎಂದು ಕೇಳಿದರೆ ತೆಗೆದವರಿಗೆ ಬೇಜಾರು.

ಲೆಕ್ಕ ಹಾಕೋಣ. ಹೆಬ್ಬಾತಿನ ಉದ್ದ ಸುಮಾರು 75 ಸೆಂಟಿಮೀಟರ್. ಅದು 100 ಮೀಟರ್ ದೂರದಲ್ಲಿದ್ದರೆ ನಮ್ಮ ಕಣ್ಣಿಗೆ ಅರ್ಧ ಡಿಗ್ರಿಗಿಂತ ಕಡಿಮೆ, ಅಂದರೆ ಹುಣ್ಣಿಮೆ ಚಂದ್ರನ ಅಗಲಕ್ಕಿಂತ ಸ್ವಲ್ಪ ಕಡಿಮೆ. ಮೊಬೈಲ್‌ನ ಮುಖ್ಯ ಕ್ಯಾಮೆರಾ ಅಗಲವಾದ ನೋಟಕ್ಕೆಂದೇ ಮಾಡಿದ್ದು. ಅದು ಅಡ್ಡಕ್ಕೆ ಸುಮಾರು 65ರಿಂದ 70 ಡಿಗ್ರಿ ಹಿಡಿಯುತ್ತದೆ. 4000 ಪಿಕ್ಸೆಲ್ (ಚಿತ್ರವನ್ನು ಕಟ್ಟುವ ಸಣ್ಣ ಚುಕ್ಕೆ) ಅಗಲದ ಚಿತ್ರದಲ್ಲಿ ಆ ಹೆಬ್ಬಾತಿಗೆ ಸಿಗುವುದು ಇಪ್ಪತ್ತು ಚಿಲ್ಲರೆ ಪಿಕ್ಸೆಲ್ ಅಷ್ಟೆ. ತಲೆಯ ಮೇಲಿನ ಪಟ್ಟೆಗೆ ಒಂದೆರಡೂ ಸಿಗಲಿಕ್ಕಿಲ್ಲ. ಕೆರೆ ದಂಡೆಯಲ್ಲಿ ನಿಂತವರ ಕಣ್ಣು ಮಾತ್ರ ಇಡೀ ಗಮನವನ್ನು ಆ ಹಕ್ಕಿಯ ಮೇಲಿಟ್ಟಿತ್ತು. ಅದಕ್ಕೆ ಹಕ್ಕಿ ದೊಡ್ಡದಾಗಿಯೇ ಕಂಡಿತ್ತು. ಅದರ ಜೊತೆ ಚಳಿ, ರೆಕ್ಕೆಯ ಸದ್ದು, ಕೆಸರಿನ ವಾಸನೆ ಎಲ್ಲ ಸೇರಿತ್ತು. ಈಗ ಫೋಟೋ ನೋಡುವಾಗಲೂ ಅವೆಲ್ಲ ನೆನಪಿನಿಂದ ಎದ್ದು ಬರುತ್ತವೆ. ನೋಡುವವರ ಹತ್ತಿರ ಆ ನೆನಪು ಎಲ್ಲಿಂದ ಬರಬೇಕು?

ಸ್ಟ್ಯಾನ್‌ಫರ್ಡ್‌ನಲ್ಲಿ ಎಲಿಜಬೆತ್ ನ್ಯೂಟನ್ ಎಂಬ ವಿದ್ಯಾರ್ಥಿನಿ 1990ರಲ್ಲಿ ತನ್ನ ಪಿಎಚ್‌ಡಿಗಾಗಿ ಮಾಡಿದ ಪ್ರಯೋಗ ಇಲ್ಲಿ ನೆನಪಾಗುತ್ತದೆ. ಕೆಲವರಿಗೆ ಎಲ್ಲರಿಗೂ ಗೊತ್ತಿರುವ ಹಾಡುಗಳ ಲಯವನ್ನು ಮೇಜಿನ ಮೇಲೆ ಬೆರಳಿನಿಂದ ಬಡಿಯಲು ಹೇಳಿದರು. ಕೇಳುವವರು ಹಾಡು ಯಾವುದು ಎಂದು ಹೇಳಬೇಕು. ಅರ್ಧದಷ್ಟಾದರೂ ಗುರುತಿಸುತ್ತಾರೆ ಎಂದು ಬಡಿದವರ ಅಂದಾಜು. 120ರಲ್ಲಿ ಗುರುತಿಸಿದ್ದು 3 ಮಾತ್ರ. ಬಡಿಯುವವರ ತಲೆಯಲ್ಲಿ ಇಡೀ ಹಾಡು ಓಡುತ್ತಿರುತ್ತದೆ. ಕೇಳುವವರಿಗೆ ಬರೀ ಟಕ್ ಟಕ್. ಗೊತ್ತಿರುವುದನ್ನು ಗೊತ್ತಿಲ್ಲದವರ ಹಾಗೆ ನೋಡುವುದು ನಮಗೆ ಸಾಧ್ಯವೇ ಆಗುವುದಿಲ್ಲ. ಅದಕ್ಕೇ ಫೋಟೋ ತೋರಿಸುವಾಗ ಸುಮ್ನೆ ಇರಬೇಕು ಅನ್ನುವುದು. "ಅಲ್ಲಿ ಮಂಜು ಭಾಳ ಇತ್ರಿ, ಹಕ್ಕಿ ಆಗ ತಾನೇ ಹಾರಿದ್ವು" ಎಂದು ಮೊದಲೇ ಹೇಳಿದರೆ ನೋಡುವವರ ತಲೆಗೂ ಹಾಡು ಹಾಕಿಕೊಟ್ಟಂತೆ. ಆಮೇಲೆ ಅವರ ಕಣ್ಣು ನಮಗೆ ಉಪಯೋಗಕ್ಕೆ ಬರುವುದಿಲ್ಲ.

ಬಣ್ಣದಲ್ಲೂ ಇದೇ ತೊಂದರೆ. ಹುಬ್ಬಳ್ಳಿಯ ಸಂತೆಗಳಲ್ಲಿ ಬಿಸಿಲಿಗೆ ನೀಲಿ ತಾಡಪತ್ರಿ ಕಟ್ಟಿರುತ್ತಾರೆ. ಅದರ ಕೆಳಗೆ ಕೂತ ಕಾಯಿಪಲ್ಲೆ ಮಾರುವ ಅಜ್ಜಿಯ ಮುಖ ಎದುರಿಗೆ ನಿಂತವರಿಗೆ ಸರಿಯಾಗಿಯೇ ಕಾಣುತ್ತದೆ. ಬೆಳಕು ನೀಲಿಯಾದರೆ ಮಿದುಳು ಆ ನೀಲಿಯನ್ನು ಬಹುಮಟ್ಟಿಗೆ ಕಳೆದುಬಿಡುತ್ತದೆ. ಕ್ಯಾಮೆರಾ ಕೂಡ ಹಾಗೆ ಮಾಡಲು ನೋಡುತ್ತದೆ. ಆದರೆ ಒಂದು ಕಡೆ ತಾಡಪತ್ರಿಯ ನೀಲಿ, ಇನ್ನೊಂದು ಕಡೆ ಬಿಸಿಲು ಇದ್ದರೆ ಎರಡನ್ನೂ ಒಟ್ಟಿಗೆ ಸರಿ ಮಾಡಲು ಅದಕ್ಕೆ ಆಗುವುದಿಲ್ಲ. ಫೋಟೋದಲ್ಲಿ ಅಜ್ಜಿ ಕಾಯಿಲೆಯವರ ಹಾಗೆ ಕಾಣುತ್ತಾರೆ. ತೆಗೆದವರ ನೆನಪಿನಲ್ಲಿ ಅವರು ಗೋಧಿ ಬಣ್ಣದ ನಗುಮುಖದವರು. "ಮುಖ ಒಂಚೂರು ನೀಲಿ ಅನ್ನಸ್ತದ" ಎಂಬ ಒಂದು ಮಾತು ಸಾಕು, ಮುಂದಿನ ಸಲ ಅವರು ಎರಡು ಹೆಜ್ಜೆ ಪಕ್ಕಕ್ಕೆ ಸರಿಯುತ್ತಾರೆ.

ಹಾಗಾದರೆ ಕೇಳುವುದು ಹೇಗೆ? "ಫೋಟೋ ಹೆಂಗೈತ್ರಿ?" ಎಂದರೆ "ಮಸ್ತ್ ಐತಿ" ಎಂದೇ ಉತ್ತರ ಬರುತ್ತದೆ. ನಮ್ಮ ಕಡೆಯ ಜನ ಪ್ರೀತಿಯವರು, ಯಾರ ಮನಸ್ಸನ್ನೂ ನೋಯಿಸಲು ಇಷ್ಟಪಡುವುದಿಲ್ಲ. ಪ್ರಶ್ನೆಯನ್ನೇ ಬದಲಿಸಬೇಕು. ಆಲ್ಫ್ರೆಡ್ ಯಾರ್ಬಸ್ ಎಂಬ ರಷ್ಯಾದ ವಿಜ್ಞಾನಿ ಕಣ್ಣಿನ ಚಲನೆಯನ್ನು ದಾಖಲಿಸುವ ಸಾಧನ ಕಟ್ಟಿ, ರೆಪಿನ್ ಎಂಬ ಕಲಾವಿದನ ಒಂದು ಚಿತ್ರವನ್ನು ಜನರಿಗೆ ತೋರಿಸಿದ. ಬಹಳ ಕಾಲ ದೂರವಿದ್ದ ಒಬ್ಬ ಮನುಷ್ಯ ದಿಢೀರನೆ ಮನೆಯೊಳಗೆ ಕಾಲಿಡುವ ಚಿತ್ರ ಅದು. ಇವರ ವಯಸ್ಸೆಷ್ಟು ಎಂದು ಕೇಳಿದಾಗ ಕಣ್ಣು ಮುಖಗಳ ನಡುವೆ ಓಡಾಡಿತು. ಈ ಮನೆಯವರು ಎಷ್ಟು ಅನುಕೂಲಸ್ಥರು ಎಂದು ಕೇಳಿದಾಗ ಅದೇ ಕಣ್ಣು ಬಟ್ಟೆಬರೆ, ಮೇಜು, ಕುರ್ಚಿಗಳ ಮೇಲೆ ಹರಿಯಿತು. ಚಿತ್ರ ಒಂದೇ. ಪ್ರಶ್ನೆ ಬದಲಾದರೆ ನೋಟವೇ ಬದಲಾಗುತ್ತದೆ. ಅವನ ಪುಸ್ತಕ 1967ರಲ್ಲಿ ಇಂಗ್ಲಿಷಿಗೆ ಬಂದ ಮೇಲೆ, ಕಣ್ಣು ಓಡಾಡಿದ ದಾರಿ ತೋರಿಸುವ ಈ ಗೆರೆಚಿತ್ರಗಳು ಕಣ್ಣಿನ ವಿಜ್ಞಾನದಲ್ಲಿ ಪ್ರಸಿದ್ಧವಾದವು.

ಧಾರವಾಡದ ನಮ್ಮ ಗೆಳೆಯರ ಗುಂಪಿನಲ್ಲಿ ಒಂದು ಪದ್ಧತಿ ಇದೆ. ಫೋಟೋವನ್ನು ಐದು ಸೆಕೆಂಡ್ ತೋರಿಸಿ ಪರದೆ ಆರಿಸುವುದು. ಆಮೇಲೆ "ಮೊದಲು ಕಣ್ಣು ಎಲ್ಲಿಗೆ ಹೋತು? ಏನು ನೆನಪೈತಿ?" ಎಂದು ಕೇಳುವುದು. ಸಾಧನಕೇರಿಯ ದಂಡೆಯ ಮೇಲೆ ಕೂತ ಇಬ್ಬರು ಹಿರಿಯರ ಫೋಟೋ ತೋರಿಸಿದಾಗ ನಾಲ್ವರಲ್ಲಿ ಮೂವರು "ಕೆಂಪು ಪ್ಲಾಸ್ಟಿಕ್ ಚೀಲ" ಎಂದರು. ತೆಗೆದವರಿಗೆ ಅಂಥ ಚೀಲ ಇರುವುದೇ ಗೊತ್ತಿರಲಿಲ್ಲ. ಇದಕ್ಕೆ ಕ್ಯಾಮೆರಾ ಜ್ಞಾನ ಬೇಡ. ಅಡುಗೆ ಮನೆಯಲ್ಲಿರುವ ಅವ್ವನೂ ಹೇಳಬಹುದು, ಎಂಟು ವರ್ಷದ ಮಗನೂ ಹೇಳಬಹುದು. ನನ್ನ ಮಟ್ಟಿಗೆ ಅವರ ಉತ್ತರ ಜಾಣರ ಉತ್ತರಕ್ಕಿಂತ ಹೆಚ್ಚು ಬೆಲೆಯದು. ಜಾಣರು ಫೋಟೋ ನೋಡುವ ಬದಲು ನಿಯಮ ಹುಡುಕುತ್ತಾರೆ. ಚಿತ್ರವನ್ನು ಮೂರು ಭಾಗ ಮಾಡಿ ಗೆರೆಯ ಮೇಲೆ ವಸ್ತು ಇಡಬೇಕು ಎಂಬ ನಿಯಮವನ್ನಂತೂ ಎಲ್ಲದಕ್ಕೂ ಹಚ್ಚುತ್ತಾರೆ. ಆ ಮಾತು ಇಂಗ್ಲೆಂಡಿನಲ್ಲಿ 1797ರಲ್ಲಿ, ನಿಸರ್ಗ ದೃಶ್ಯಗಳನ್ನು ಬಿಡಿಸುವವರಿಗಾಗಿ ಹುಟ್ಟಿದ್ದು. ಗರ್ಭಗುಡಿಯ ಎದುರು ನೇರ ನಿಂತು, ಎರಡೂ ಕಡೆ ಸಮ ಬರುವಂತೆ ತೆಗೆದ ಫೋಟೋಗೆ ಅದನ್ನು ಹೇಳುವುದರಲ್ಲಿ ಅರ್ಥವಿಲ್ಲ.

ಕ್ಯಾಮೆರಾ ಗೊತ್ತಿದ್ದವರು ಇನ್ನೊಂದು ದೊಡ್ಡ ಉಪಕಾರ ಮಾಡಬಹುದು. ಕಂಡದ್ದಕ್ಕೆ ಕಾರಣ ಹೇಳಬಹುದು. ಹಾವೇರಿ ಜಿಲ್ಲೆಯ ಬ್ಯಾಡಗಿಯಲ್ಲಿ ಮೆಣಸಿನಕಾಯಿ ರಾಶಿಯ ಫೋಟೋ ತೆಗೆಯದವರು ಯಾರು? ಆ ಕೆಂಪು ನೋಡಿದರೆ ಕೈ ತಾನಾಗಿ ಕ್ಯಾಮೆರಾಕ್ಕೆ ಹೋಗುತ್ತದೆ. ಆದರೆ ಫೋಟೋದಲ್ಲಿ ಬರುವುದು ಕೆಂಪು ಬಣ್ಣ ಬಳಿದ ಗೋಡೆಯಂಥದ್ದು. ಆ ಕಾಯಿಯ ಗುರುತೇ ಅದರ ಸುಕ್ಕು, ಅದೇ ಮಾಯ. "ಕಾಯಿ ಬಿಡಿ ಬಿಡಿಯಾಗಿ ಕಾಣವಲ್ಲವು" ಎಂದು ಯಾರೋ ಹೇಳುತ್ತಾರೆ. ಅಲ್ಲಿಗೆ ಅರ್ಧ ಕೆಲಸ ಆಯಿತು.

ಉಳಿದರ್ಧ ಹೀಗೆ. ನಾವು ಸಾಮಾನ್ಯವಾಗಿ ತೆಗೆಯುವ ಫೋಟೋದಲ್ಲಿ ಪ್ರತಿ ಪಿಕ್ಸೆಲ್‌ಗೂ ಕೆಂಪು, ಹಸಿರು, ನೀಲಿ ಎಂದು ಮೂರು ಅಂಕಿ ಇರುತ್ತವೆ. ಪ್ರತಿಯೊಂದೂ 0ಯಿಂದ 255ರವರೆಗೆ. ಮಧ್ಯಾಹ್ನದ ಬಿಸಿಲಲ್ಲಿ ಬ್ಯಾಡಗಿ ಮೆಣಸಿನಕಾಯಿಯ ಕೆಂಪು ಬೇಗ 255 ಮುಟ್ಟಿ ಅಲ್ಲೇ ನಿಲ್ಲುತ್ತದೆ. ಸುಕ್ಕಿನ ಏರಿಗೂ 255, ಪಕ್ಕದ ತಗ್ಗಿಗೂ 255. ಎರಡಕ್ಕೂ ಫರಕು ಇಲ್ಲವೆಂದ ಮೇಲೆ ಸುಕ್ಕು ಎಲ್ಲಿ ಕಾಣಬೇಕು? ಮೋಸ ಏನೆಂದರೆ, ಫೋಟೋದ ಒಟ್ಟು ಬೆಳಕನ್ನು ತೋರಿಸುವ ಹಿಸ್ಟೋಗ್ರಾಮ್ ಎಂಬ ನಕ್ಷೆಯಲ್ಲಿ ಇದು ಗೊತ್ತಾಗುವುದಿಲ್ಲ. ಆ ಲೆಕ್ಕದಲ್ಲಿ ಹಸಿರಿಗೆ ಹೆಚ್ಚು ತೂಕ, ಕೆಂಪಿಗೆ ಕಡಿಮೆ. ಹಾಗಾಗಿ ಎಲ್ಲ ಸರಿಯಿದೆ ಎಂದೇ ತೋರುತ್ತದೆ. ಕೆಂಪಿನ ಹಿಸ್ಟೋಗ್ರಾಮ್ ಬೇರೆಯಾಗಿ ನೋಡಬೇಕು. ಇಲ್ಲವೇ ಎಕ್ಸ್‌ಪೋಷರ್, ಅಂದರೆ ಕ್ಯಾಮೆರಾ ತೆಗೆದುಕೊಳ್ಳುವ ಬೆಳಕು, ಸ್ವಲ್ಪ ಇಳಿಸಿ, ಓರೆ ಬಿಸಿಲಿನ ಹೊತ್ತಿಗೆ ತೆಗೆಯಬೇಕು. ಹತ್ತಿ ರಾಶಿಯದ್ದು ಇದಕ್ಕೆ ಉಲ್ಟಾ. ಕ್ಯಾಮೆರಾ ಎದುರಿಗಿರುವುದನ್ನೆಲ್ಲ ಮಧ್ಯಮ ಬೂದಿ ಎಂದುಕೊಂಡು ಬೆಳಕು ಅಳೆಯುತ್ತದೆ. ಆದ್ದರಿಂದ ಬಿಳಿ ಹತ್ತಿ ಮಾಸಿದಂತೆ ಬರುತ್ತದೆ, ಎರೆ ಹೊಲ ಬೂದಿಯಾಗುತ್ತದೆ. ಹತ್ತಿಗೆ ಎಕ್ಸ್‌ಪೋಷರ್ ಏರಿಸಬೇಕು, ಎರೆಗೆ ಇಳಿಸಬೇಕು.

ಇಷ್ಟು ಹೇಳಿದರೆ ಕೇಳಿದವರು ಮನೆಗೆ ಹೋಗುವಾಗ ಕೈಯಲ್ಲಿ ಒಂದು ಕೆಲಸ ಹಿಡಿದು ಹೋಗುತ್ತಾರೆ. "ನಿಮಗ ಬೆಳಕಿನ ಗ್ಯಾನ ಇಲ್ಲ" ಎಂದರೆ ಏನು ಹಿಡಿದು ಹೋಗಬೇಕು? ಕ್ಲೂಗರ್ ಮತ್ತು ಡಿನಿಸಿ ಎಂಬ ಇಬ್ಬರು ಸಂಶೋಧಕರು 1996ರಲ್ಲಿ, ಅಭಿಪ್ರಾಯ ಹೇಳುವುದರಿಂದ ಕೆಲಸ ಸುಧಾರಿಸುತ್ತದೆಯೇ ಎಂದು ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟು ಹಾಕಿ ನೋಡಿದರು. 600ಕ್ಕೂ ಹೆಚ್ಚು ಹೋಲಿಕೆಗಳು, 23,000ಕ್ಕೂ ಹೆಚ್ಚು ಅಳತೆಗಳು. ಸರಾಸರಿ ನೋಡಿದರೆ ಸುಧಾರಿಸುತ್ತದೆ. ಆದರೆ ಮೂರರಲ್ಲಿ ಒಂದಕ್ಕಿಂತ ಹೆಚ್ಚು ಸಲ ಕೆಲಸ ಇನ್ನೂ ಕೆಟ್ಟಿತ್ತು! ಗಮನ ಕೆಲಸದಿಂದ ಸರಿದು ತನ್ನ ಮೇಲೆಯೇ ಬಿದ್ದಾಗ ಉಪಯೋಗ ಕಡಿಮೆಯಾಗುತ್ತದೆ ಎಂದು ಅವರು ವಿವರಿಸಿದರು. ಬೈಗುಳಕ್ಕೆ ಮಾತ್ರ ಅಲ್ಲ, "ನೀವು ಹುಟ್ಟು ಕಲಾವಿದರು ಬಿಡ್ರಿ" ಎಂಬ ಹೊಗಳಿಕೆಗೂ ಇದು ಹೊಂದುತ್ತದೆ. ಅದನ್ನು ಕೇಳಿದವರು ಮುಂದಿನ ಫೋಟೋ ತೋರಿಸಲು ಹೆದರುವುದನ್ನು ನಾನು ಕಂಡಿದ್ದೇನೆ.

ಅಂಕ ಕೊಡುವುದಂತೂ ಬೇಡವೇ ಬೇಡ. ರೂತ್ ಬಟ್ಲರ್ ಎಂಬ ಸಂಶೋಧಕಿ 1988ರಲ್ಲಿ ಇಸ್ರೇಲಿನ ಶಾಲಾ ಮಕ್ಕಳಲ್ಲಿ ಕೆಲವರಿಗೆ ಬರೀ ಟಿಪ್ಪಣಿ, ಕೆಲವರಿಗೆ ಬರೀ ಅಂಕ, ಕೆಲವರಿಗೆ ಎರಡೂ ಕೊಟ್ಟು ನೋಡಿದರು. ಟಿಪ್ಪಣಿ ಪಡೆದವರ ಆಸಕ್ತಿ ಉಳಿಯಿತು, ಕೆಲಸವೂ ಸುಧಾರಿಸಿತು. ಎರಡೂ ಪಡೆದವರಿಗೆ ಆ ಲಾಭ ಸಿಗಲಿಲ್ಲ. ಅಂಕ ಬಂದರೆ ಟಿಪ್ಪಣಿ ಹಿಂದೆ ಬೀಳುತ್ತದೆ.

ಮುಖದ ಫೋಟೋಗಳ ವಿಷಯದಲ್ಲಿ ಒಂದು ಎಚ್ಚರಿಕೆ ಬೇಕು. ಫೋಟೋದಲ್ಲಿರುವ ವ್ಯಕ್ತಿಯೇ "ನಾ ಹಿಂಗ ಇಲ್ಲ ಬಿಡ್ರಿ" ಎಂದರೆ ತೆಗೆದವರು ಅಷ್ಟು ಮನಸ್ಸಿಗೆ ಹಚ್ಚಿಕೊಳ್ಳಬಾರದು. 1977ರ ಒಂದು ಅಧ್ಯಯನದಲ್ಲಿ ಒಂದೇ ಫೋಟೋವನ್ನು ನೇರವಾಗಿ ಮತ್ತು ಎಡಬಲ ತಿರುಗಿಸಿ ಅಚ್ಚು ಹಾಕಿ ತೋರಿಸಿದರು. ಗೆಳತಿಯರು ನೇರವಾದದ್ದನ್ನು ಹೆಚ್ಚು ಮೆಚ್ಚಿದರು, ಫೋಟೋದಲ್ಲಿದ್ದವರು ತಿರುಗಿಸಿದ್ದನ್ನು. ನಮ್ಮ ಮುಖ ನಮಗೆ ಪರಿಚಯ ಇರುವುದು ಕನ್ನಡಿಯಲ್ಲಿ ಅಲ್ವಾ!

ಕೇಳುವವರೂ ಕೇಳಲು ಅವಸರ ಮಾಡಬಾರದು. ಕೈ ಚಲನೆಯನ್ನು ಕಲಿಯುವ ಪ್ರಯೋಗವೊಂದರಲ್ಲಿ ವಿನ್ಸ್ಟೈನ್ ಮತ್ತು ಶ್ಮಿಟ್ ಎಂಬ ಸಂಶೋಧಕರು 1990ರಲ್ಲಿ ಕಂಡದ್ದು ಇದು: ಪ್ರತಿ ಸಲವೂ ತಪ್ಪು ಒಪ್ಪು ಹೇಳಿಸಿಕೊಂಡವರಿಗಿಂತ, ಅರ್ಧ ಸಲ ಮಾತ್ರ ಹೇಳಿಸಿಕೊಂಡವರು ಮರುದಿನ ಚೆನ್ನಾಗಿ ನೆನಪಿಟ್ಟುಕೊಂಡಿದ್ದರು. ಪ್ರತಿ ಸಲ ಉತ್ತರ ಸಿಕ್ಕರೆ ನಮ್ಮೊಳಗಿನ ಅಳತೆಗೋಲು ಬೆಳೆಯುವುದಿಲ್ಲ. ಫೋಟೋಗ್ರಫಿ ಕೈ ಚಲನೆ ಅಲ್ಲ, ನಿಜ. ಆದರೂ ಕೇಳುವ ಮುಂಚೆ ತನ್ನ ಊಹೆಯನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳುವುದು ನನಗೆ ಇಷ್ಟ. "ಎಲ್ಲರ ಕಣ್ಣು ಮೊದಲು ರಾಶಿ ಹಿಂದೆ ನಿಂತ ಹೆಣ್ಣುಮಗಳ ಮುಖಕ್ಕೆ ಹೋಗ್ತದೆ" ಎಂದು ಬರೆದಿಟ್ಟು, ಆಮೇಲೆ ಕೇಳಬೇಕು. ಊಹೆಗೂ ಉತ್ತರಕ್ಕೂ ಎಷ್ಟು ಅಂತರ ಎಂಬುದು ಅಲ್ಲಿಯೇ ಗೊತ್ತಾಗುತ್ತದೆ.

ಆಮೇಲೆ ಒಂದೇ ಒಂದು ಬದಲಾವಣೆ ಆರಿಸಿಕೊಂಡು ಮತ್ತೆ ಬ್ಯಾಡಗಿಗೆ ಹೋಗಬೇಕು. ಹೊಸ ಫೋಟೋ ತಂದು, ಹಳೆಯದರ ಪಕ್ಕ ಇಟ್ಟು, ಯಾವುದು ಹಳೆಯದು ಯಾವುದು ಹೊಸದು ಎಂದು ಹೇಳದೆ ತೋರಿಸಬೇಕು. ಹಿಂದಿನ ಸಲ ಅಭಿಪ್ರಾಯ ಹೇಳಿದವರ ಜೊತೆ, ಹಳೆಯದನ್ನು ನೋಡಿಯೇ ಇಲ್ಲದ ಇಬ್ಬರಾದರೂ ಇರಲಿ. ಮೊದಲಿನವರಿಗೆ ತಮ್ಮ ಸಲಹೆ ಗೆಲ್ಲಲಿ ಎಂಬ ಆಸೆ ಇರುತ್ತದೆ, ಈ ಇಬ್ಬರಿಗೆ ಇರುವುದಿಲ್ಲ.