ಗುರಿಗೆ ಒಂದು ಕಣ್ಣು ಸಾಕು, ಉಳಿದದ್ದಕ್ಕೆ ಕುತ್ತಿಗೆ ಬೇಕು

ಭತ್ತದ ಗರಿ ಗೀರಿ ಹುಣ್ಣಾಗಿಯೋ, ಅಡಿಕೆ ಕೊನೆ ಕೊಯ್ಯುವಾಗ ಮೇಲಿನಿಂದ ಏನೋ ಬಿದ್ದೋ, ಗ್ಲಾಕೋಮಾದಿಂದಲೋ ಒಂದು ಕಣ್ಣು ಹೋದವರು ನಮ್ಮ ಮಲೆನಾಡಿನಲ್ಲಿ ಇದ್ದಾರೆ. ಅವರಲ್ಲಿ ಕೋವಿಯ ರುಚಿ ಕಂಡವರು ಕೇಳುವುದು ಒಂದೇ: 'ಇನ್ನು ಗುರಿ ಹಿಡೀಲಿಕ್ಕೆ ಆಗ್ತದಾ?' ಆಗುತ್ತದೆ. ಸೈಟಿನಲ್ಲಿ, ಅಂದರೆ ನಳಿಗೆಯ ಮೇಲಿನ ಗುರಿ ನೋಡುವ ಸಾಧನದಲ್ಲಿ, ನೋಡುವುದು ಎಂದಿದ್ದರೂ ಒಂದೇ ಕಣ್ಣು. ಏರ್ ರೈಫಲ್ಲಿಗೆ 10 ಮೀಟರ್ ಆಚೆ ಇಟ್ಟ ಟಾರ್ಗೆಟ್ ಕಾಗದ ಕದಲುವುದಿಲ್ಲ, ಅದರ ದೂರ ಅಂದಾಜು ಮಾಡಬೇಕಾಗಿಯೂ ಇಲ್ಲ. ಎರಡು ಕಣ್ಣಿನವರು ಒಂದನ್ನು ಕಿವುಚಿ ಮುಚ್ಚಿ ಮುಖ ದಣಿಸಿಕೊಳ್ಳುತ್ತಾರೆ. ಇವರಿಗೆ ಆ ತಾಪತ್ರಯವೂ ಇಲ್ಲ. ತೊಂದರೆ ಇರುವುದು ಗುರಿಯ ಆಚೀಚೆ.

ನೇತ್ರವೈದ್ಯರು ಹೂಂ ಅಂದ ಮೇಲೆ ಮೊದಲು ನೋಡಬೇಕಾದ್ದು ಭುಜ. ಬಲ ಭುಜದವರಿಗೆ ಬಲಗಣ್ಣು ಉಳಿದಿದ್ದರೆ ಹೆಚ್ಚೇನೂ ಬದಲಾಗುವುದಿಲ್ಲ. ಎಡಗಣ್ಣು ಮಾತ್ರ ಉಳಿದಿದ್ದರೆ ರೈಫಲ್ ಎಡ ಭುಜಕ್ಕೆ ಹೋಗಬೇಕು. ಬಲ ಭುಜದಲ್ಲೇ ಬಟ್ (ರೈಫಲ್ಲಿನ ಹಿಂತುದಿ) ಇಟ್ಟು, ತಲೆಯನ್ನು ಅಡ್ಡ ಬಗ್ಗಿಸಿ ಎಡಗಣ್ಣನ್ನು ಸೈಟಿಗೆ ತರುವ ಸಾಹಸ ಹೆಚ್ಚಿನವರು ಮಾಡುತ್ತಾರೆ. ತಲೆಯೊಂದಿಗೆ ರೈಫಲ್ಲೂ ವಾಲುತ್ತದೆ. ಯಾವ ಕಡೆ ವಾಲಿತೋ ಆ ಕಡೆಗೆ, ತುಸು ಕೆಳಗೆ, ಪೆಲೆಟ್ (ಏರ್ ರೈಫಲ್ಲಿನ ಪುಟ್ಟ ಗುಂಡು) ಬೀಳುತ್ತದೆ. ಸೈಟ್ ಎಷ್ಟು ತಿರುಗಿಸಿದರೂ ಇದು ಸರಿಹೋಗದು, ಏಕೆಂದರೆ ವಾಲುವಿಕೆ ಪ್ರತಿ ಸಲವೂ ಒಂದೇ ಇರುವುದಿಲ್ಲ. ಗಾರೆಯವರ ತೂಗುಗುಂಡನ್ನು ಟಾರ್ಗೆಟ್ ಪಕ್ಕ ಇಳಿಬಿಟ್ಟರೆ ವಾಲಿದ್ದು ಕೂಡಲೇ ಕಾಣುತ್ತದೆ.

ಭುಜ ಬದಲಿಸುವುದು ಅಸಾಧ್ಯವೇನಲ್ಲ. ಹಂಗೇರಿಯ ಕಾರೊಲಿ ಟಕಾಚ್ 1938ರಲ್ಲಿ ಗ್ರೆನೇಡ್ ಸಿಡಿದು ಬಲಗೈ ಹಾಳಾದಾಗ ಎಡಗೈಯಲ್ಲಿ ಪಿಸ್ತೂಲ್ ಕಲಿತು, 1948ರಲ್ಲೂ 1952ರಲ್ಲೂ ಒಲಿಂಪಿಕ್ಸ್ ಚಿನ್ನ ಗೆದ್ದರು. ನಮಗೆ ಅಷ್ಟು ಬೇಡ, ದಿನಕ್ಕೆ 15 ನಿಮಿಷ ಸಾಕು. ಎರಡು ವಾರ ಪೆಲೆಟ್ ಮುಟ್ಟಬೇಡಿ. ಕಣ್ಣು ಮುಚ್ಚಿ ರೈಫಲ್ ಎತ್ತಿ, ಕೆನ್ನೆ ಊರಿ, ಉಸಿರು ಬಿಟ್ಟು ಕಣ್ಣು ತೆರೆಯಿರಿ. ಸೈಟಿನ ನಡುವೆ ಕಣ್ಣು ಕೂತಿದೆಯೇ? ಇಲ್ಲವಾದರೆ ಕುತ್ತಿಗೆ ಹೊಂದಿಸಬೇಡಿ, ಬಟ್ಟನ್ನು ಹೊಂದಿಸಿ. ಕೆನ್ನೆ ಕೂರುವ ಜಾಗಕ್ಕೆ ಹಳೆಯ ಹವಾಯಿ ಚಪ್ಪಲಿಯ ರಬ್ಬರನ್ನು ತೆಳ್ಳಗೆ ಕೊಯ್ದು, ಒಂದೊಂದೇ ಪದರ ಟೇಪಿನಿಂದ ಸುತ್ತುತ್ತ ಹೋದರೆ ಸರಿಯಾದ ಎತ್ತರ ಸಿಗುತ್ತದೆ. ಸ್ಪ್ರಿಂಗ್ ಏರ್ ರೈಫಲ್ಲಾದರೆ ಈ ಅಭ್ಯಾಸದಲ್ಲಿ ಕಾಕ್ ಮಾಡಿ, ಅಂದರೆ ಸ್ಪ್ರಿಂಗ್ ಬಿಗಿದು ಸಜ್ಜುಮಾಡಿ, ಖಾಲಿ ಹೊಡೆಯಬಾರದು. ಎದುರು ಪೆಲೆಟ್ ಇಲ್ಲದೆ ಪಿಸ್ಟನ್ ಬಡಿದು ಸೀಲ್ ಹಾಳಾಗುತ್ತದೆ. ಪಿಸ್ತೂಲಿಗೆ ಈ ರಗಳೆ ಇಲ್ಲ. ಹಿಡಿದ ಕೈ ಅದೇ ಇರಲಿ, ಮುಖವನ್ನು ಸ್ವಲ್ಪ ತಿರುಗಿಸಿದರೆ ಆಯಿತು.

ಮಳೆಗಾಲದ ಮಬ್ಬು ಬೆಳಕಿನಲ್ಲಿ ಇನ್ನೊಂದು ತಪ್ಪಾಗುತ್ತದೆ. ಮುಂದಿನ ಸೈಟಿನ ರಿಂಗ್ (ಗುರಿಯನ್ನು ಒಳಗೆ ಕೂರಿಸುವ ಬಳೆ) ಚಿಕ್ಕದಿದ್ದಷ್ಟೂ ಗುರಿ ನಿಖರ ಎಂಬ ನಂಬಿಕೆ ಅದು. ರಿಂಗಿನೊಳಗೆ ಟಾರ್ಗೆಟ್ಟಿನ ಕಪ್ಪು ವೃತ್ತದ ಸುತ್ತ ಬಿಳಿಯ ಅಂಚು ಸ್ಪಷ್ಟವಾಗಿ ಕಾಣಬೇಕು. ಅಂಚು ಕೂದಲೆಳೆಯಷ್ಟಾದರೆ ಕಣ್ಣು ಅದನ್ನೇ ಹುಡುಕುತ್ತ ದಣಿಯುತ್ತದೆ, ಟ್ರಿಗರ್ ತಡವಾಗುತ್ತದೆ. 10 ಮೀಟರ್ ರೈಫಲ್ಲಿಗೆ 4 ಮಿಲಿಮೀಟರ್ ಆಸುಪಾಸಿನ ರಿಂಗಿನಿಂದ ಶುರುಮಾಡಿ. ಎಂಟು ಸೆಕೆಂಡಿನೊಳಗೆ ಹೊಡೆಯಲಾಗದಿದ್ದರೆ ಇಳಿಸಿಬಿಡಿ. ದಿಟ್ಟಿಸಿದಷ್ಟೂ ಕಪ್ಪಿನ ನೆರಳು ಕಣ್ಣಲ್ಲಿ ಉಳಿಯುತ್ತದೆ. ಐದು ಹೊಡೆತಕ್ಕೊಮ್ಮೆ ಒಂದು ನಿಮಿಷ ದೂರದ ಗುಡ್ಡ ನೋಡಿ. ಪಾಳಿ ಬದಲಿಸಲು ಇನ್ನೊಂದು ಕಣ್ಣಿಲ್ಲ.

ಹತ್ತಿರದ ಕೆಲಸದಲ್ಲೇ ಎಡವಟ್ಟು ಹೆಚ್ಚು. ಪೆಲೆಟ್ ತುಂಬುವಾಗ ಬೆರಳು ನಳಿಗೆಯ ಹಿಂದಿನ ಬಾಯಿ ತಪ್ಪಿಸುತ್ತದೆ, ಪೆಲೆಟ್ ಸೊಟ್ಟಗೆ ಕೂರುತ್ತದೆ, ಅದರ ಅಂಚು ನಜ್ಜಾಗುತ್ತದೆ. ಕಾಫಿ ಬಗ್ಗಿಸುವಾಗ ಪಾತ್ರೆಯ ಅಂಚನ್ನು ಲೋಟಕ್ಕೆ ತಾಗಿಸಿಕೊಳ್ಳುತ್ತೀರಲ್ಲ, ಅದೇ ಉಪಾಯ ಇಲ್ಲೂ: ಎಡಗೈ ಹೆಬ್ಬೆರಳು ಮೊದಲು ನಳಿಗೆಯ ಅಂಚು ಮುಟ್ಟಲಿ, ಪೆಲೆಟ್ ಅದರ ಮೇಲಿಂದ ಜಾರಿ ಒಳಹೋಗಲಿ. ಮಡಚುವ ನಳಿಗೆಯಾದರೆ ಪೆಲೆಟ್ ಹಿಡಿಯದ ಕೈ ಅದನ್ನು ಬಿಗಿಯಾಗಿ ಹಿಡಿದೇ ಇರಬೇಕು.

ಕಾಣದ ಬದಿಯ ಮಾತು. ರೇಂಜಿನಲ್ಲಿ ಆ ಬದಿಗೆ ಗೋಡೆ ಇರುವ ಕೊನೆಯ ಸಾಲನ್ನೇ ಕೇಳಿ ಪಡೆಯಿರಿ. ಕಣ್ಣು ಹೊರಳಿಸಿದರೆ ಸಾಲದು, ಗದ್ದ ಭುಜಕ್ಕೆ ಬರುವಷ್ಟು ತಲೆ ತಿರುಗಬೇಕು. ಅದೂ ರೈಫಲ್ ಮೇಜಿನ ಮೇಲಿಟ್ಟ ಮೇಲೆ. ಕೈಯಲ್ಲಿ ಹಿಡಿದು ತಿರುಗಿದರೆ ಮೂತಿಯೂ ಜೊತೆಗೆ ತಿರುಗುತ್ತದೆ. ಹಾರುವ ಕ್ಲೇ (ಗಾಳಿಗೆ ಎಸೆಯುವ ಬಿಲ್ಲೆ) ಹೊಡೆಯುವ ಆಸೆಯನ್ನು ಮೊದಲ ವರ್ಷ ಬದಿಗಿಡುವುದು ಒಳ್ಳೆಯದು. ತೋಟದ ಕೆಂಜಳಿಲು, ನವಿಲುಗಳ ಮೇಲೆ ಕೈ ಪಳಗಿಸುವ ಯೋಚನೆಯಂತೂ ಬೇಡವೇ ಬೇಡ, 1972ರ ವನ್ಯಜೀವಿ ಕಾಯ್ದೆ ಇದೆ.

ಮನೆಯಂಗಳದಲ್ಲಿ ಹೊಡೆಯುವವರು ಟಾರ್ಗೆಟ್ ಹಿಂದೆ ಅಡಿಕೆ ದಬ್ಬೆ, ಜಂಬಿಟ್ಟಿಗೆ ಕಟ್ಟುವುದುಂಟು. ಗಟ್ಟಿ ಮೈಗೆ ಬಡಿದ ಪೆಲೆಟ್ ಹಿಂದಕ್ಕೆ ಚಿಮ್ಮುತ್ತದೆ. ದಪ್ಪ ಮರದ ಪೆಟ್ಟಿಗೆಗೆ ಹಳೆಯ ಬಟ್ಟೆ ಗಿಡಿದು ತುಂಬಿ, ಅದರ ಹಿಂದೆ ಮಣ್ಣಿನ ಧರೆ ಇರುವಂತೆ ನೋಡಿಕೊಳ್ಳಿ. ಕನ್ನಡಕ ಪಾಲಿಕಾರ್ಬೊನೇಟ್‌ನದೇ ಆಗಬೇಕು, ಪಕ್ಕದ ರಕ್ಷಣೆಯೂ ಇರಬೇಕು. ನಂಬರ್ ಇದ್ದವರು ಗಾಜಿನ ಲೆನ್ಸ್ ಹಾಕಿ ಬರಬಾರದು. ಜುಲೈ ತಿಂಗಳಲ್ಲಿ ಉಸಿರಿಗೇ ಲೆನ್ಸ್ ಮಂಜಾಗುತ್ತದೆ; ಆಗೆಲ್ಲ ರೈಫಲ್ ಕೆಳಗಿಟ್ಟು ಒರೆಸಿಕೊಳ್ಳಬೇಕು. ಕನ್ನಡಕವನ್ನು ಹಣೆಗೇರಿಸಿ 'ಇದೊಂದೇ ಶಾಟ್' ಎನ್ನುವವರನ್ನು ಆವತ್ತು ಮನೆಗೆ ಕಳಿಸುವುದೇ ಸರಿ.