20 ವರ್ಷ ಸರ್ಕಾರಿ ಸೇವೆ ಮುಗಿಸಿ ಹೊರಬಂದರೆ ಪೆನ್ಷನ್ ಯಾವಾಗ ಬರುತ್ತದೆ?

ಓದುಗರ ಪ್ರಶ್ನೆ: ನಾನು ಪುಣೆಯ ಒಂದು ಕೇಂದ್ರ ಸರ್ಕಾರಿ ಕಚೇರಿಯಲ್ಲಿ 2004ರ ಕೊನೆಯಿಂದ ಕೆಲಸ ಮಾಡುತ್ತಿದ್ದೇನೆ. ಸೇವೆ 21 ವರ್ಷ ದಾಟಿದೆ, ವಯಸ್ಸು 45. ಧಾರವಾಡದಲ್ಲಿ ಅಮ್ಮ ಒಬ್ಬರೇ ಇದ್ದಾರೆ. ರಾಜೀನಾಮೆ ಕೊಟ್ಟು ಊರಿಗೆ ಹೋಗೋಣ ಅಂತ ಮನಸ್ಸು ಮಾಡಿದ್ದೇನೆ. ಪೆನ್ಷನ್ ಈಗಲೇ ಬೇಕು ಅಂತೇನಿಲ್ಲ, 60ಕ್ಕೆ ಬಂದರೂ ಸಾಕು. ಹೀಗೆ ಮುಂದಕ್ಕೆ ಹಾಕಲು ಬರುತ್ತದೆಯೇ? — ಔಂಧ್‌ನ ಓದುಗರು

ಉತ್ತರ: ಮೊದಲು ಒಂದು ಮಾತು. ದಯವಿಟ್ಟು ರಾಜೀನಾಮೆ ಬರೆಯಬೇಡಿ. ಬರೆದು ಇಟ್ಟಿದ್ದರೆ ಹರಿದು ಹಾಕಿ. ನಿಮಗೆ ಬೇಕಾಗಿರುವುದು ಸ್ವಯಂ ನಿವೃತ್ತಿ, ಅಂದರೆ ಕಚೇರಿಯಲ್ಲಿ ಎಲ್ಲರೂ ವಿಆರ್‌ಎಸ್ ಅನ್ನುವುದು. ಎರಡರಲ್ಲೂ ಕೆಲಸ ಬಿಟ್ಟು ಮನೆಗೆ ಹೋಗುತ್ತೀರಿ. ಆದರೆ ಕೈಗೆ ಬರುವ ಹಣ ಬೇರೆ ಬೇರೆ.

ರಾಜೀನಾಮೆ ಕೊಟ್ಟರೆ ಅದುವರೆಗಿನ ಸೇವೆಯೆಲ್ಲ ಲೆಕ್ಕದಿಂದ ಬಿದ್ದುಹೋಗುತ್ತದೆ ಅನ್ನುತ್ತದೆ ಕೇಂದ್ರದ ಪೆನ್ಷನ್ ನಿಯಮ. ಅನುಮತಿ ಪಡೆದು ಇನ್ನೊಂದು ಸರ್ಕಾರಿ ಹುದ್ದೆಗೆ ಹೋಗಲು ಕೊಡುವ ತಾಂತ್ರಿಕ ರಾಜೀನಾಮೆಗೆ ಮಾತ್ರ ವಿನಾಯಿತಿ. "20 ವರ್ಷ ದುಡಿದಿದ್ದೇನೆ, ನನ್ನ ರಾಜೀನಾಮೆಯನ್ನೇ ಸ್ವಯಂ ನಿವೃತ್ತಿ ಅಂತ ತಿಳಿದುಕೊಳ್ಳಿ" ಎಂಬ ವಾದ ಸುಪ್ರೀಂ ಕೋರ್ಟ್‌ವರೆಗೂ ಹೋಗಿತ್ತು. 2019ರ ಡಿಸೆಂಬರ್‌ನಲ್ಲಿ ಕೋರ್ಟ್ ಅದನ್ನು ಒಪ್ಪಲಿಲ್ಲ. ರಾಜೀನಾಮೆ ರಾಜೀನಾಮೆಯೇ, ಸೇವೆ ಎಷ್ಟು ವರ್ಷದ್ದಾದರೂ ಸರಿ ಎಂದಿತು. ಇದು ನನಗೆ ಬಹಳ ಕಠಿಣ ಅನಿಸುತ್ತದೆ. ಆದರೆ ಕಾನೂನು ಇರುವುದು ಹಾಗೆ.

ಲೆಕ್ಕ ಹಾಕಿ ನೋಡೋಣ. ನಿಮ್ಮ ಮೂಲ ವೇತನ 60,000 ರೂಪಾಯಿ, ಡಿಎ ಅಂದರೆ ತುಟ್ಟಿಭತ್ಯೆ ಸೇರಿ 95,000 ಅಂತ ಇಟ್ಟುಕೊಳ್ಳಿ. ಗ್ರಾಚ್ಯುಟಿ ಅಂದರೆ ಸೇವೆಯ ಪ್ರತಿ ಪೂರ್ಣ ಆರು ತಿಂಗಳಿಗೆ ಡಿಎ ಸೇರಿದ ಕಾಲು ತಿಂಗಳ ಸಂಬಳ. 21 ವರ್ಷದಲ್ಲಿ ಅಂಥ ಆರು ತಿಂಗಳು 42. ಹಾಗಾಗಿ ಹತ್ತೂವರೆ ತಿಂಗಳ ಸಂಬಳ, 9,97,500 ರೂಪಾಯಿ. ರಾಜೀನಾಮೆ ಕೊಟ್ಟರೆ ಇದು ಸೊನ್ನೆ. ಇನ್ನು ಗಳಿಕೆ ರಜೆ. 240 ದಿನ ಖಾತೆಯಲ್ಲಿದ್ದರೆ ಸ್ವಯಂ ನಿವೃತ್ತಿಯಲ್ಲಿ ಅಷ್ಟಕ್ಕೂ ದುಡ್ಡು ಸಿಗುತ್ತದೆ, 7,60,000. 300 ದಿನದವರೆಗೂ ಹೀಗೆ ಪಡೆಯಬಹುದು. ರಾಜೀನಾಮೆಯಲ್ಲಿ ಇರುವ ರಜೆಯ ಅರ್ಧಕ್ಕೆ ಮಾತ್ರ, ಅದೂ ಹೆಚ್ಚೆಂದರೆ 150 ದಿನಕ್ಕೆ. ನಿಮ್ಮ ವಿಷಯದಲ್ಲಿ 3,80,000 ಅಷ್ಟೇ. ತಪ್ಪು ಅರ್ಜಿಗೆ ಸಹಿ ಹಾಕಿದ್ದರಿಂದಲೇ ಸುಮಾರು 14 ಲಕ್ಷ ಹೋಯಿತು. ಪೆನ್ಷನ್ ಮಾತು ಇನ್ನೂ ಶುರುವೇ ಆಗಿಲ್ಲ.

ಸ್ವಯಂ ನಿವೃತ್ತಿಗೆ 20 ವರ್ಷದ ಅರ್ಹ ಸೇವೆ, ಅಂದರೆ ನಿಯಮದ ಪ್ರಕಾರ ಲೆಕ್ಕಕ್ಕೆ ಬರುವ ಸೇವೆ ಬೇಕು, ಮೂರು ತಿಂಗಳ ಲಿಖಿತ ನೋಟಿಸ್ ಬೇಕು. ನಿಮಗೆ 21 ಆಗಿದೆ ಅಂತ ಕ್ಯಾಲೆಂಡರ್ ಹೇಳುತ್ತದೆ. ಸರ್ವಿಸ್ ಬುಕ್ ಏನು ಹೇಳುತ್ತದೆ? ವೈದ್ಯಕೀಯ ಕಾರಣವಿಲ್ಲದೆ ತಗೊಂಡ ಸಂಬಳರಹಿತ ರಜೆ ಸಾಮಾನ್ಯವಾಗಿ ಅರ್ಹ ಸೇವೆಗೆ ಸೇರುವುದಿಲ್ಲ. ಡೈಸ್ ನಾನ್, ಅಂದರೆ ಸೇವೆಯೇ ಅಲ್ಲ ಅಂತ ಗುರುತು ಮಾಡಿದ ದಿನಗಳೂ ಸೇರುವುದಿಲ್ಲ. ಅಮ್ಮನಿಗೆ ಹುಷಾರಿಲ್ಲ ಅಂತ ಊರಿಗೆ ಹೋಗಿ ಬಂದ ಉದ್ದನೆಯ ರಜೆಗಳೇ ಕೆಲವರಿಗೆ ಇಲ್ಲಿ ಮುಳುವಾಗುತ್ತವೆ. 18 ವರ್ಷ ಸೇವೆ ಆದಮೇಲೆ ಕಚೇರಿ ಸೇವೆಯನ್ನು ಪರಿಶೀಲಿಸಿ ಒಂದು ಪ್ರಮಾಣಪತ್ರ ಕೊಡಬೇಕು ಎಂದು ನಿಯಮವಿದೆ. ನಿಮ್ಮ ಹತ್ತಿರ ಅದು ಇಲ್ಲದಿದ್ದರೆ ಈ ವಾರವೇ ಕೇಳಿ. ಅದು ಕೈಗೆ ಬರುವವರೆಗೆ ನೋಟಿಸ್ ಕೊಡಬೇಡಿ.

ಈಗ ನಿಮ್ಮ ನಿಜವಾದ ಪ್ರಶ್ನೆ. ಪೆನ್ಷನ್ ಮುಂದಕ್ಕೆ ಹಾಕಲು ಬರುತ್ತದೆಯೇ? ನೀವು ಯಾವ ಯೋಜನೆಯಲ್ಲಿದ್ದೀರಿ ಎಂಬುದರ ಮೇಲೆ ಉತ್ತರ ಪೂರ್ತಿ ಬದಲಾಗುತ್ತದೆ. ಒಂದರಲ್ಲಿ ಮುಂದಕ್ಕೆ ಹಾಕುವ ಮಾತೇ ಬರುವುದಿಲ್ಲ. ಇನ್ನೊಂದರಲ್ಲಿ ಅದು ನಿಮ್ಮ ಇಷ್ಟ. ಮೂರನೆಯದರಲ್ಲಿ ನಿಮಗೆ ಬೇಡವಾದರೂ ಕಾಯಲೇಬೇಕು. ಈ ಮೂರನೆಯದರ ಬಗ್ಗೆ ಜನರಿಗೆ ಗೊತ್ತಿರುವುದು ತೀರಾ ಕಡಿಮೆ.

ಹಳೆ ಪೆನ್ಷನ್‌ದು ಬೇಗ ಮುಗಿಸುತ್ತೇನೆ. 2004ರ ಜನವರಿ 1ಕ್ಕಿಂತ ಮೊದಲು ಸೇರಿದವರಿಗೆ ಇದು. 20 ವರ್ಷ ಆದಮೇಲೆ ಸ್ವಯಂ ನಿವೃತ್ತಿ ಪಡೆದರೆ ಮೂಲ ವೇತನದ ಅರ್ಧ ಪೆನ್ಷನ್, ಮಾರನೆಯ ದಿನದಿಂದಲೇ ಶುರು, ಮೇಲೆ ತುಟ್ಟಿಭತ್ಯೆ ಪರಿಹಾರ. ನೀವು ಸೇರಿದ್ದು 2004ರ ಕೊನೆಯಲ್ಲಿ, ಆದ್ದರಿಂದ ಇದು ನಿಮಗಲ್ಲ ಅನಿಸಬಹುದು. ಆದರೂ ಒಮ್ಮೆ ನೋಡಿ. ನಿಮ್ಮ ಹುದ್ದೆಯ ಜಾಹೀರಾತು 2003ರ ಡಿಸೆಂಬರ್ 22ಕ್ಕಿಂತ ಮೊದಲೇ ಬಂದಿತ್ತೇ? ಅಂಥವರಿಗೆ ಹಳೆ ಪೆನ್ಷನ್‌ಗೆ ಹೋಗಲು ಕೇಂದ್ರ 2023ರ ಮಾರ್ಚ್‌ನಲ್ಲಿ ಒಂದು ಅವಕಾಶ ಕೊಟ್ಟಿತ್ತು. ಆಗ ನೀವು ಅರ್ಜಿ ಹಾಕಿ, ಆದೇಶ ಆಗಿದ್ದರೆ ಇಡೀ ಲೆಕ್ಕವೇ ಬೇರೆ.

ಹಾಗಿಲ್ಲದಿದ್ದರೆ ನೀವು ಎನ್‌ಪಿಎಸ್‌ನಲ್ಲಿ (ರಾಷ್ಟ್ರೀಯ ಪೆನ್ಷನ್ ವ್ಯವಸ್ಥೆ) ಇರುತ್ತೀರಿ, ಇಲ್ಲವೇ 2025ರಲ್ಲಿ ಯುಪಿಎಸ್ (ಏಕೀಕೃತ ಪೆನ್ಷನ್ ಯೋಜನೆ) ಆಯ್ದುಕೊಂಡಿರುತ್ತೀರಿ.

ಎನ್‌ಪಿಎಸ್ ಆದರೆ ನೀವು ಕೇಳಿದ್ದಕ್ಕೆ ಉತ್ತರ ಹೌದು. ಪೆನ್ಷನ್ ಇಲಾಖೆ 2024ರ ಅಕ್ಟೋಬರ್‌ನಲ್ಲಿ ಇದನ್ನು ಸ್ಪಷ್ಟ ಮಾಡಿದೆ. 20 ವರ್ಷ ಮುಗಿಸಿ ಸ್ವಯಂ ನಿವೃತ್ತಿ ಪಡೆದವರನ್ನು ವಯೋನಿವೃತ್ತಿ ಹೊಂದಿದವರಂತೆಯೇ ನೋಡಬೇಕು. ಖಾತೆಯನ್ನು ಹಾಗೇ ಮುಂದುವರಿಸಬೇಕೆಂದರೆ, ಅಥವಾ ಹಣ ಪಡೆಯುವುದನ್ನು ಮುಂದೂಡಬೇಕೆಂದರೆ, ಅದಕ್ಕೂ ಆಯ್ಕೆ ಕೊಡಬಹುದು. ಇದರ ಬೆಲೆ ಏನು ಗೊತ್ತಾ? ನಿಮ್ಮ ಖಾತೆಯಲ್ಲಿ 60 ಲಕ್ಷ ಇದೆ ಅನ್ನಿ. ಸ್ವಯಂ ನಿವೃತ್ತಿಯಲ್ಲಿ 36 ಲಕ್ಷ ಒಟ್ಟಿಗೆ ತೆಗೆಯಬಹುದು. ಅದಕ್ಕೆ ತೆರಿಗೆ ಇಲ್ಲ. ಉಳಿದ 24 ಲಕ್ಷಕ್ಕೆ ಆನ್ಯುಟಿ, ಅಂದರೆ ವಿಮಾ ಕಂಪನಿ ತಿಂಗಳು ತಿಂಗಳು ಹಣ ಕೊಡುವ ಯೋಜನೆ, ಕೊಳ್ಳಬೇಕು. ರಾಜೀನಾಮೆ ಕೊಟ್ಟು ಖಾತೆ ಮುಚ್ಚಿದರೆ ಅವಧಿಗೆ ಮುನ್ನ ಹೊರಬಂದ ಹಾಗೆ. ಆಗ 12 ಲಕ್ಷ ಮಾತ್ರ ಕೈಗೆ, 48 ಲಕ್ಷ ಆನ್ಯುಟಿಗೆ. ಹಣ ನಿಮ್ಮದೇ, ಆದರೆ ನಿಮ್ಮ ಕೈಗೆ ಸಿಗುವುದಿಲ್ಲ.

ಎನ್‌ಪಿಎಸ್‌ನಲ್ಲಿ ಮುಂದೂಡುವುದು ನನಗೆ ಒಳ್ಳೆಯ ದಾರಿ ಅನಿಸುತ್ತದೆ, ಅದರಲ್ಲೂ ಆನ್ಯುಟಿಯ ಭಾಗಕ್ಕೆ. ಆನ್ಯುಟಿಯಲ್ಲಿ ಸಾಮಾನ್ಯವಾಗಿ ವಯಸ್ಸು ಹೆಚ್ಚಾದಷ್ಟೂ ತಿಂಗಳಿಗೆ ಸಿಗುವ ಮೊತ್ತ ಜಾಸ್ತಿ. 45ಕ್ಕೇ ಕೊಂಡರೆ ಸಣ್ಣ ಮೊತ್ತಕ್ಕೆ ಜೀವನಪೂರ್ತಿ ಕಟ್ಟಿಬಿದ್ದ ಹಾಗೆ. ಸರ್ಕಾರಿ ಪೆನ್ಷನ್‌ಗೆ ಸೇರುವ ಹಾಗೆ ಅದಕ್ಕೆ ತುಟ್ಟಿಭತ್ಯೆ ಸೇರುವುದಿಲ್ಲ, ಮೇಲೆ ಆ ಆದಾಯಕ್ಕೆ ತೆರಿಗೆಯೂ ಇದೆ. ಮುಂದೂಡಿದರೆ ಹಣ ಮಾರುಕಟ್ಟೆಯಲ್ಲೇ ಬೆಳೆಯುತ್ತಿರುತ್ತದೆ. ಮಾರುಕಟ್ಟೆ ಬಿದ್ದರೆ ಅದೂ ಬೀಳುತ್ತದೆ, ಅದನ್ನು ಮರೆಯಬೇಡಿ. ಊರಿನ ಮನೆ ಖರ್ಚಿಗೆ ಬೇಕಾದಷ್ಟನ್ನು ಗ್ರಾಚ್ಯುಟಿ, ರಜೆ ಹಣದಲ್ಲಿ ಬೇರೆ ತೆಗೆದಿಟ್ಟವರಿಗೆ ಈ ದಾರಿ ಸರಿ.

ಈಗ ಯುಪಿಎಸ್. ಇದು 2025ರ ಏಪ್ರಿಲ್ 1ರಿಂದ ಜಾರಿಗೆ ಬಂತು. 25 ವರ್ಷ ಸೇವೆ ಇದ್ದರೆ ಕೊನೆಯ 12 ತಿಂಗಳ ಸರಾಸರಿ ಮೂಲ ವೇತನದ ಅರ್ಧ ಖಾತ್ರಿ ಪೆನ್ಷನ್. ಮೊದಲಿಗೆ ಸ್ವಯಂ ನಿವೃತ್ತಿಗೆ 25 ವರ್ಷ ಬೇಕು ಎಂದಿತ್ತು. 2025ರ ಸೆಪ್ಟೆಂಬರ್‌ನಲ್ಲಿ ಬಂದ ನಿಯಮದಲ್ಲಿ 20 ವರ್ಷಕ್ಕೂ ಹೋಗಬಹುದು ಎಂದಾಯಿತು. ಆದರೆ ಎರಡು ಷರತ್ತು. ಸೇವೆ 25ಕ್ಕಿಂತ ಎಷ್ಟು ಕಡಿಮೆಯೋ ಪೆನ್ಷನ್ ಅಷ್ಟು ಕಡಿಮೆ. ಎರಡನೆಯದು, ಪೆನ್ಷನ್ ಶುರುವಾಗುವುದು ನೀವು ಕೆಲಸದಲ್ಲೇ ಉಳಿದಿದ್ದರೆ ಯಾವ ದಿನ ನಿವೃತ್ತಿ ಆಗುತ್ತಿದ್ದಿರೋ ಆ ದಿನದಿಂದ.

ನಿಮ್ಮ ಅಂಕಿ ಇಟ್ಟು ನೋಡಿ. 60,000ದ ಅರ್ಧ 30,000. ಅದಕ್ಕೆ 25ರಲ್ಲಿ 21 ಪಾಲು, 25,200. ಇದು ಬರುವುದು ನಿಮಗೆ 60 ತುಂಬಿದ ಮೇಲೆ. ನಡುವೆ 15 ವರ್ಷ ತಿಂಗಳ ಪೆನ್ಷನ್ ಇಲ್ಲ. ಆ 15 ವರ್ಷಕ್ಕೆ ತುಟ್ಟಿಭತ್ಯೆ ಪರಿಹಾರವೂ ಇಲ್ಲ, ಪೆನ್ಷನ್ ಶುರುವಾದ ಮೇಲೆ ಮಾತ್ರ ಅದು ಸೇರುತ್ತದೆ. ಕಾದಿದ್ದಕ್ಕೆ ಹೆಚ್ಚುವರಿ ಏನಾದರೂ ಉಂಟಾ ಅಂದರೆ, ಇಲ್ಲ. ಖಾಸಗಿ ಕಂಪನಿಯವರ ಇಪಿಎಸ್ ಪೆನ್ಷನ್ ಅನ್ನು 58ರಿಂದ 60ಕ್ಕೆ ಮುಂದೂಡಿದರೆ ವರ್ಷಕ್ಕೆ ಶೇ. 4ರಂತೆ ಹೆಚ್ಚುತ್ತದೆ. ಯುಪಿಎಸ್‌ನಲ್ಲಿ ಕಾಯುವವರಿಗೆ ಅಂಥದ್ದೇನೂ ಇಲ್ಲ. ಇದು ನ್ಯಾಯವಲ್ಲ ಅಂತ ನಾನು ನೇರವಾಗಿಯೇ ಹೇಳುತ್ತೇನೆ.

ಹಾಗಾದರೆ ಹೊರಡುವ ದಿನ ಬರಿಗೈಯೇ? ಅಲ್ಲ. ಗ್ರಾಚ್ಯುಟಿ, ರಜೆ ಹಣ, ಗುಂಪು ವಿಮೆಯ ಹಣ ಆಗಲೇ ಸಿಗುತ್ತವೆ. ಜೊತೆಗೆ ಯುಪಿಎಸ್‌ನ ಒಂದು ಇಡುಗಂಟು ಇದೆ. ಸೇವೆಯ ಪ್ರತಿ ಪೂರ್ಣ ಆರು ತಿಂಗಳಿಗೆ, ಮೂಲ ವೇತನ ಮತ್ತು ಡಿಎ ಸೇರಿದ ಮೊತ್ತದ ಹತ್ತನೇ ಒಂದು ಪಾಲು. ನಿಮಗೆ 9,500ರಂತೆ 42 ಸಲ, 3,99,000. ನಿಮ್ಮ ವೈಯಕ್ತಿಕ ನಿಧಿಯಿಂದ, ಅಂದರೆ ನಿಮ್ಮ ಹೆಸರಿನ ಖಾತೆಯಲ್ಲಿ ಸೇರಿರುವ ಹಣದಿಂದ, ಶೇ. 60ರವರೆಗೆ ತೆಗೆಯಲೂ ಬರುತ್ತದೆ. ಆದರೆ ತೆಗೆದಷ್ಟು ಪ್ರಮಾಣದಲ್ಲಿ ಮುಂದಿನ ಪೆನ್ಷನ್ ಇಳಿಯುತ್ತದೆ. ಪೂರ್ತಿ ಶೇ. 60 ತೆಗೆದರೆ 25,200 ಇದ್ದದ್ದು 10,080ಕ್ಕೆ ಬರುತ್ತದೆ. ದೊಡ್ಡ ಮೊತ್ತ ಕಣ್ಣೆದುರು ಇರುವಾಗ ಇದು ಹೊಳೆಯುವುದಿಲ್ಲ. ಧಾರವಾಡದ ಮನೆ ರಿಪೇರಿಗೆ ಅಂತ ತೆಗೆದ ಹಣದ ಬೆಲೆ 60 ದಾಟಿದ ಮೇಲೆ ಪ್ರತಿ ತಿಂಗಳೂ ಕಟ್ಟಬೇಕಾಗುತ್ತದೆ. ರಾಜೀನಾಮೆ ಕೊಟ್ಟವರಿಗಂತೂ ಯುಪಿಎಸ್‌ನ ಖಾತ್ರಿ ಪೆನ್ಷನ್ನೇ ಇಲ್ಲ.

ಕಾಯುವ ಆ ವರ್ಷಗಳಲ್ಲಿ ಏನಾದರೂ ಆಗಿಹೋದರೆ ಎಂಬ ಭಯ ಸಹಜ. ಪೆನ್ಷನ್ ಶುರುವಾಗುವ ಮೊದಲೇ ನೌಕರ ತೀರಿಕೊಂಡರೆ ಗಂಡ ಅಥವಾ ಹೆಂಡತಿಗೆ ಆ ದಿನದಿಂದಲೇ ಕುಟುಂಬ ಪೆನ್ಷನ್ ಕೊಡಬೇಕು ಎಂದು ನಿಯಮದಲ್ಲಿದೆ. ಗಮನಿಸಿ, ಇದು ಸಂಗಾತಿಗೆ. ನೀವು ನೋಡಿಕೊಳ್ಳಲು ಹೊರಟಿರುವ ಅಮ್ಮನಿಗೆ ಅಲ್ಲ. ನೀವು ಮದುವೆ ಆಗಿದ್ದೀರೋ ಇಲ್ಲವೋ ಬರೆದಿಲ್ಲ. ಆಗಿಲ್ಲದಿದ್ದರೆ ಅಮ್ಮನ ಹೆಸರಿನಲ್ಲಿ ಬೇರೆಯೇ ಏನಾದರೂ ಏರ್ಪಾಡು ಮಾಡಿ.

ಯುಪಿಎಸ್‌ನಲ್ಲಿರುವವರಿಗೆ ಇನ್ನೊಂದು ಬಾಗಿಲು ತೆರೆದಿದೆ. ಒಂದೇ ಒಂದು ಸಲ ಎನ್‌ಪಿಎಸ್‌ಗೆ ಮರಳಬಹುದು. ಸ್ವಯಂ ನಿವೃತ್ತಿಯ ದಿನಕ್ಕೆ ಮೂರು ತಿಂಗಳು ಮೊದಲೇ ಇದನ್ನು ಮಾಡಬೇಕು. ನಂತರ ಯುಪಿಎಸ್‌ಗೆ ವಾಪಸ್ ಇಲ್ಲ. ನೋಟಿಸ್ ಅವಧಿಯೂ ಮೂರೇ ತಿಂಗಳು, ಅಲ್ವಾ? ಅಂದರೆ ನೋಟಿಸ್ ಕೊಟ್ಟಮೇಲೆ ಯೋಚಿಸಿದರೆ ಕಾಲ ಮೀರಿರುತ್ತದೆ. ಯಾವ ಯೋಜನೆಯಲ್ಲಿ ಹೊರಡುವುದು ಎಂಬ ತೀರ್ಮಾನ ಮೊದಲು, ನೋಟಿಸ್ ಆಮೇಲೆ. 15 ವರ್ಷ ಕಾದು ಖಾತ್ರಿಯ 25,200 ಪಡೆಯುವುದಾ, ಖಾತ್ರಿ ಇಲ್ಲದಿದ್ದರೂ ಇಂದೇ 36 ಲಕ್ಷ ನಿಮ್ಮ ಕೈಯಲ್ಲಿರುವುದಾ? 45ರ ವಯಸ್ಸಿನವರಿಗೆ ನನ್ನ ಒಲವು ಎರಡನೆಯದರ ಕಡೆ. 57ರಲ್ಲಿ ಕೇಳಿದ್ದರೆ ಮೊದಲನೆಯದನ್ನೇ ಹೇಳುತ್ತಿದ್ದೆ, ಯಾಕೆಂದರೆ ಮೂರು ವರ್ಷ ಕಾಯುವುದು ಕಷ್ಟವಲ್ಲ.

ಪುಣೆಯಲ್ಲಿ ನಮ್ಮವರು ಬೇರೆ ಬೇರೆ ಕಡೆ ಇರುವುದರಿಂದ ಇನ್ನೆರಡು ಮಾತು ಸೇರಿಸಬೇಕು. ಖಡಕಿ, ದೇಹೂ ರೋಡ್‌ನ ಆರ್ಡ್‌ನೆನ್ಸ್ ಕಾರ್ಖಾನೆಗಳು 2021ರ ಅಕ್ಟೋಬರ್ 1ರಿಂದ ಮ್ಯುನಿಷನ್ಸ್ ಇಂಡಿಯಾ ಎಂಬ ಕಂಪನಿಗೆ ಸೇರಿವೆ. ಅಲ್ಲಿಯ ಹಳೆ ನೌಕರರು ಡೀಮ್ಡ್ ಡೆಪ್ಯುಟೇಷನ್ (ಕಂಪನಿಗೆ ಎರವಲು ಹೋದವರು ಎಂದು ಪರಿಗಣಿಸುವುದು) ಮೇಲೆ ಇರುವವರೆಗೆ ಕೇಂದ್ರ ನೌಕರರೇ, ಮೇಲೆ ಹೇಳಿದ್ದು ಅವರಿಗೂ ಹೊಂದುತ್ತದೆ. ಮಹಾರಾಷ್ಟ್ರ ಸರ್ಕಾರದ ನೌಕರರಿಗೆ ಮಾತ್ರ ಇದೇ ಲೆಕ್ಕ ಹಾಕಬೇಡಿ. ಅಲ್ಲಿ ಹಳೆ ಪೆನ್ಷನ್‌ನ ಗಡಿ 2005ರ ನವೆಂಬರ್ 1, ನಿಯಮಗಳೂ ರಾಜ್ಯದವೇ.

ಇನ್ನೊಂದು ವಿಷಯ. ನಾಲ್ಕು ವರ್ಷ ತಡೆಯಲು ಸಾಧ್ಯವೇ ಅಂತ ಒಮ್ಮೆ ಯೋಚಿಸಿ. ಯುಪಿಎಸ್‌ನಲ್ಲಿ 25 ವರ್ಷ ಮುಗಿದರೆ ಸೇವೆ ಕಡಿಮೆ ಎಂಬ ಕಡಿತ ಇರುವುದಿಲ್ಲ, ಕಾಯುವುದು 11 ವರ್ಷಕ್ಕೆ ಇಳಿಯುತ್ತದೆ. ಅಮ್ಮನ ಪರಿಸ್ಥಿತಿ ಕಾಯುವಂಥದ್ದಲ್ಲ ಅಂದರೆ ಈ ಮಾತನ್ನು ಬಿಟ್ಟುಬಿಡಿ. ಆದರೆ ಖಾತೆಯಲ್ಲಿರುವ ಗಳಿಕೆ ರಜೆಯಲ್ಲಿ ಕೆಲವು ತಿಂಗಳು ಧಾರವಾಡದಲ್ಲಿ ಇದ್ದು ನೋಡಿ. ಅಲ್ಲಿ ಖರ್ಚೆಷ್ಟು, ಅಮ್ಮನಿಗೆ ಬೇಕಾದ ಡಾಕ್ಟರು ಹತ್ತಿರ ಇದ್ದಾರೆಯೇ, ನಿಮಗೆ ಅಲ್ಲಿ ಏನಾದರೂ ಕೆಲಸ ಸಿಗುತ್ತದೆಯೇ, ಎಲ್ಲ ಗೊತ್ತಾಗುತ್ತದೆ. ಬಳಸಿದ ರಜೆಗೆ ಆಮೇಲೆ ದುಡ್ಡು ಸಿಗುವುದಿಲ್ಲ, ನಿಜ. ಆ ನಷ್ಟ ನನಗೆ ದೊಡ್ಡದು ಅನಿಸುವುದಿಲ್ಲ.

ನೋಟಿಸ್ ಕೊಟ್ಟೇಬಿಟ್ಟಿರಿ, ಆಮೇಲೆ ಮನಸ್ಸು ಬದಲಾಯಿತು ಅನ್ನಿ. ನಿವೃತ್ತಿಯ ದಿನಕ್ಕೆ ಮೊದಲು ವಾಪಸ್ ಕೇಳಬಹುದು, ಆದರೆ ನೇಮಕಾತಿ ಅಧಿಕಾರಿ ಒಪ್ಪಬೇಕು. ಹಾಗೆಯೇ ಮೂರು ತಿಂಗಳೊಳಗೆ ಅವರು ನೋಟಿಸ್ ತಿರಸ್ಕರಿಸದಿದ್ದರೆ ಅವಧಿ ಮುಗಿದ ದಿನ ನಿವೃತ್ತಿ ತಾನಾಗಿಯೇ ಜಾರಿಗೆ ಬರುತ್ತದೆ. "ಆದೇಶ ಇನ್ನೂ ಬಂದಿಲ್ಲ, ನೋಡೋಣ" ಅಂತ ಸುಮ್ನೆ ಕೂರಬೇಡಿ. ನೋಟಿಸ್‌ನ ಮೇಲೆ ಕಚೇರಿಯ ಸ್ವೀಕೃತಿ ಸಹಿ ಮತ್ತು ದಿನಾಂಕ ಹಾಕಿಸಿಕೊಂಡು ಒಂದು ಪ್ರತಿ ಮನೆಯಲ್ಲಿಡಿ. ಮೂರು ತಿಂಗಳು ಎಣಿಸುವುದು ಆ ದಿನಾಂಕದಿಂದ.