ವನ್ಯಜೀವಿ ಛಾಯಾಗ್ರಾಹಕನಾಗಲು ಯಾವ ಲೆನ್ಸ್ ಕೊಳ್ಳಬೇಕು?

ಪ್ರಶ್ನೆ: ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ವನ್ಯಜೀವಿ ಛಾಯಾಗ್ರಹಣವನ್ನೇ ವೃತ್ತಿ ಮಾಡಿಕೊಳ್ಳುವ ಆಸೆ. ಸಾಲ ತೆಗೆದು 600 ಎಂಎಂ ಲೆನ್ಸ್ ಕೊಳ್ಳಬೇಕೆಂದಿದ್ದೇನೆ. ಯಾವ ಕಂಪನಿಯದು ಒಳ್ಳೆಯದು?

ಸಾಲ ಮಾಡಬೇಡಿ. ಕೇಳುವವರ ಹೆಸರು, ಊರು ಬದಲಾದರೂ ಈ ಪ್ರಶ್ನೆ ಬದಲಾಗುವುದಿಲ್ಲ. ಎಷ್ಟು ಸಲ ಉತ್ತರಿಸಿದರೂ ಮತ್ತೆ ಬರುತ್ತದೆ. ಆದ್ದರಿಂದ ಈ ಸಲ ಬುಡದಿಂದಲೇ ಹೇಳುತ್ತೇನೆ.

ದೂರದ್ದನ್ನು ಹತ್ತಿರ ತೋರಿಸುವ ಉದ್ದನೆಯ ಲೆನ್ಸ್ ಇದ್ದವನಿಗೇ ಒಳ್ಳೆಯ ಚಿತ್ರ ಎಂಬ ನಂಬಿಕೆ ನಮ್ಮಲ್ಲಿ ಆಳವಾಗಿ ಬೇರೂರಿದೆ. ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ನಡೆಸುವ 'ವೈಲ್ಡ್‌ಲೈಫ್ ಫೋಟೋಗ್ರಾಫರ್ ಆಫ್ ದಿ ಇಯರ್' ಸ್ಪರ್ಧೆಗಿಂತ ದೊಡ್ಡ ಹೆಸರು ಈ ಕ್ಷೇತ್ರದಲ್ಲಿಲ್ಲ. ಅಲ್ಲಿ ಪರಮೋಚ್ಚ ಪ್ರಶಸ್ತಿ ಪಡೆದ ಚಿತ್ರಗಳನ್ನೇ ನೋಡೋಣ. 2020ರಲ್ಲಿ ಗೆದ್ದದ್ದು ಮರವನ್ನು ತಬ್ಬಿ ನಿಂತ ಅಮೂರ್ ಹೆಣ್ಣುಹುಲಿ. ಸೆರ್ಗೆಯ್ ಗೊರ್ಶ್ಕೊವ್ ಆ ಹುಲಿಯನ್ನು ಲೆನ್ಸ್ ಹಿಡಿದು ಬೆನ್ನಟ್ಟಲಿಲ್ಲ. ರಷ್ಯಾದ ದೂರಪೂರ್ವದ ಕಾಡಿನಲ್ಲಿ ಹುಲಿ ಮೈಯುಜ್ಜಿದ, ಮೂತ್ರ ಸಿಂಪಡಿಸಿದ ಗುರುತುಗಳನ್ನು ಹುಡುಕುತ್ತ ಹೋಗಿ, ಒಂದು ಮರದೆದುರು 2019ರ ಜನವರಿಯಲ್ಲಿ ಕ್ಯಾಮೆರಾ ಟ್ರ್ಯಾಪ್, ಅಂದರೆ ಪ್ರಾಣಿ ಎದುರು ಬಂದಾಗ ತಾನಾಗಿಯೇ ಚಿತ್ರ ತೆಗೆಯುವ ಕ್ಯಾಮೆರಾ, ಇಟ್ಟರು. ಚಿತ್ರ ಸಿಕ್ಕಿದ್ದು ನವೆಂಬರಿನಲ್ಲಿ. 2021ರಲ್ಲಿ ಗೆದ್ದದ್ದು ಸಮುದ್ರದೊಳಗೆ ತೆಗೆದ ಗ್ರೂಪರ್ ಮೀನುಗಳ ಚಿತ್ರ. 2022ರದು ಟೆಕ್ಸಾಸಿನ ಬಿಸಿಮರಳಿನ ಮೇಲೆ ಉಂಡೆಯಾಗಿ ಉರುಳುವ 'ಕ್ಯಾಕ್ಟಸ್ ಬೀ' ಎಂಬ ಕಾಡು ದುಂಬಿಗಳದು, ಕ್ಯಾಮೆರಾವನ್ನು ನೆಲಮಟ್ಟಕ್ಕೆ ಇಳಿಸಿ ತೆಗೆದದ್ದು. 2023ರಲ್ಲಿ ಕುದುರೆಲಾಳದ ಆಕಾರದ ಕಡಲಜೀವಿ 'ಹಾರ್ಸ್‌ಶೂ ಕ್ರ್ಯಾಬ್', 2024ರಲ್ಲಿ ಕೆರೆಯ ನೀರಿನೊಳಗಿನ ಗೊದಮೊಟ್ಟೆಗಳು. 2025ರಲ್ಲಿ ನಮೀಬಿಯಾದ ಪಾಳುಬಿದ್ದ ಗಣಿ ಊರಿಗೆ ಬಂದ ಕಂದು ಕಿರುಬ. ಅದೂ ಕ್ಯಾಮೆರಾ ಟ್ರ್ಯಾಪಿನದೇ, ಅದಕ್ಕಾಗಿ ಛಾಯಾಗ್ರಾಹಕರು ಪಟ್ಟ ಪಾಡು ಹತ್ತು ವರ್ಷದ್ದು. ಈ ಆರರಲ್ಲಿ ಯಾವುದಕ್ಕೂ ನೀವು ಸಾಲ ಮಾಡಿ ಕೊಳ್ಳಹೊರಟಿರುವ ಲೆನ್ಸ್ ಬೇಕಾಗಿರಲಿಲ್ಲ. ಬೇಕಾಗಿದ್ದದ್ದು ಆ ಪ್ರಾಣಿ ಎಲ್ಲಿಗೆ, ಯಾವಾಗ, ಏಕೆ ಬರುತ್ತದೆ ಎಂಬ ತಿಳಿವಳಿಕೆ.

"ನಮ್ಮ ಕಬಿನಿಯಲ್ಲಿ ಪ್ರಾಣಿ ದೂರ ಇರುತ್ತದಲ್ಲ" ಎನ್ನುತ್ತೀರಿ. ಇರುತ್ತದೆ, ಆದರೆ ಎಲ್ಲ ದೂರವನ್ನೂ ಲೆನ್ಸ್ ಗೆಲ್ಲಲಾರದು. ಬೇಸಿಗೆಯಲ್ಲಿ ಹಿನ್ನೀರು ಇಳಿದು ನೆಲ ಕಾದಾಗ, ಮೇಲಿನ ಗಾಳಿ ಪದರ ಪದರವಾಗಿ ಬಿಸಿಯೇರಿ ಬೆಳಕನ್ನು ಓಲಾಡಿಸುತ್ತದೆ. ಲೆನ್ಸ್ ಆನೆಯನ್ನು ಎಷ್ಟು ಹಿಗ್ಗಿಸುತ್ತದೋ ಆ ಓಲಾಟವನ್ನೂ ಅಷ್ಟೇ ಹಿಗ್ಗಿಸುತ್ತದೆ. ಹಾಗಾಗಿಯೇ ಲಕ್ಷಗಟ್ಟಲೆ ಸುರಿದು ಕೊಂಡ ಲೆನ್ಸಿನಲ್ಲೂ ಹನ್ನೊಂದು ಗಂಟೆಯ ಚಿತ್ರ ಕಲಸಿದ ಬಣ್ಣದಂತೆ ಬರುತ್ತದೆ. ಜನ ಫೋಕಸ್ ಸರಿಯಿಲ್ಲವೆಂದು ಸರ್ವಿಸ್ ಸೆಂಟರಿಗೆ ಓಡುತ್ತಾರೆ. ಅದೇ ಹಿನ್ನೀರಿನ ದಡದಲ್ಲಿ ಆನೆಗಳ ಹಿಂಡು ಮೇಯುವಾಗ ಬಯಲು, ನೀರು, ಆಕಾಶವನ್ನೆಲ್ಲ ಸೇರಿಸಿ ತೆಗೆದ ಅಗಲದ ಚಿತ್ರದಲ್ಲಿ ಕಬಿನಿ ಕಬಿನಿಯಾಗಿ ಕಾಣುತ್ತದೆ. ಅದಕ್ಕೆ 70–200 ಎಂಎಂ ಲೆನ್ಸ್ ಧಾರಾಳ ಸಾಕು. ಸಣ್ಣ ಹಕ್ಕಿಗಳ ಚಿತ್ರಕ್ಕೆ ಉದ್ದನೆಯ ಲೆನ್ಸ್ ನಿಜವಾಗಿಯೂ ಬೇಕು, ಇಲ್ಲವೆನ್ನುವುದಿಲ್ಲ. ಬೇಕಾದ ದಿನ ಬಾಡಿಗೆಗೆ ತನ್ನಿ.

ಇನ್ನು ವೃತ್ತಿಯ ಮಾತು. ಬಿಡಿ ಚಿತ್ರಗಳನ್ನು ಮಾರಿಯೇ ಬದುಕುವವರು ಬಹಳ ಕಡಿಮೆ. ಪ್ರವಾಸಿ ತಂಡಗಳನ್ನು ಕರೆದೊಯ್ಯುವುದು, ತರಬೇತಿ, ಅತಿಥಿಗಳಿಗೆ ಕಾಡು ಪರಿಚಯಿಸುವ ರೆಸಾರ್ಟಿನ ನ್ಯಾಚುರಲಿಸ್ಟ್ ಕೆಲಸ, ಸಂಶೋಧನೆ ಮತ್ತು ಸಂರಕ್ಷಣಾ ಸಂಸ್ಥೆಗಳಿಗೆ ದಾಖಲೀಕರಣ, ಸಾಕ್ಷ್ಯಚಿತ್ರ: ಅನ್ನ ಬರುವುದು ಇವುಗಳಿಂದ. ಈ ಎಲ್ಲದಕ್ಕೂ ಮೊದಲು ಕೇಳುವುದು ನಿಮಗೆ ಏನು ಗೊತ್ತು ಎಂದು. ವನ್ಯಜೀವಿ ಛಾಯಾಗ್ರಾಹಕ ಜೋಡಿ ಕೃಪಾಕರ–ಸೇನಾನಿ ಬಂಡೀಪುರದ ಸುತ್ತಮುತ್ತ ವರ್ಷಾನುಗಟ್ಟಲೆ ಸೀಳುನಾಯಿಗಳ ಹಿಂದೆಯೇ ಅಲೆದರು. ಹುಲಿಯನ್ನು ಬಿಟ್ಟು, ಯಾರೂ ಕಣ್ಣೆತ್ತಿ ನೋಡದ ಪ್ರಾಣಿಯನ್ನು ಅವರು ಆರಿಸಿಕೊಂಡದ್ದು ನನಗೆ ಇಂದಿಗೂ ಹೆಮ್ಮೆ. ಕೆಲಸ ಈಗಲೇ ಬಿಡಬೇಕೆಂದೂ ಇಲ್ಲ: ಸಂಡೂರಿನ ಎಂ.ವೈ. ಘೋರ್ಪಡೆ ರಾಜ್ಯದ ಹಣಕಾಸು ಸಚಿವರಾಗಿದ್ದವರು, ವನ್ಯಜೀವಿ ಛಾಯಾಗ್ರಾಹಕರಾಗಿಯೂ ಹೆಸರಾದವರು.

ಎಲ್ಲಿಂದ ಆರಂಭಿಸಲಿ ಎಂದರೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಹೋಗಿ. ಹೆಜ್ಜಾರ್ಲೆ (ಪೆಲಿಕನ್), ಬಣ್ಣದ ಕೊಕ್ಕರೆಗಳು ಮನೆಗಳ ನಡುವಿನ ಹುಣಸೆ, ಆಲದ ಮರಗಳಲ್ಲಿ ಗೂಡು ಕಟ್ಟುತ್ತವೆ. ಸಫಾರಿ ಜೀಪಿಲ್ಲ, ಹುಲಿ ಕಂಡಿತೆಂಬ ನೂಕುನುಗ್ಗಲಿಲ್ಲ. ಒಂದೇ ಋತುವಿನಲ್ಲಿ ಮತ್ತೆ ಮತ್ತೆ ಹೋಗಿ, ಕಡ್ಡಿ ತರುವುದರಿಂದ ಮರಿ ಹಾರುವವರೆಗೆ ಬರೆದಿಟ್ಟುಕೊಳ್ಳಿ.

ಗೂಡಿನ ಮಾತು ಬಂತು, ನೀವು ಕೇಳದಿದ್ದರೂ ಹೇಳಬೇಕು. ಕೊಕ್ಕರೆ ಬೆಳ್ಳೂರಿನ ಹಕ್ಕಿಗಳಿಗೆ ತಲೆಮಾರುಗಳಿಂದ ಜನರ ಓಡಾಟದ ರೂಢಿಯಿದೆ, ಗೂಡುಗಳೂ ಎತ್ತರದಲ್ಲಿವೆ. ಅಲ್ಲಿ ಬೀದಿಯಲ್ಲಿ ನಿಂತು ತೆಗೆದ ಧೈರ್ಯದಲ್ಲಿ ನಿಮ್ಮೂರಿನ ಬೇಲಿಯೊಳಗಿನ ಬುಲ್‌ಬುಲ್ ಗೂಡಿಗೆ ಕೈ ಹಾಕಬೇಡಿ. ಚಿತ್ರಕ್ಕೆ ಅಡ್ಡವೆಂದು ಒಂದು ರೆಂಬೆ ಸರಿಸಿದರೆ ಮೊಟ್ಟೆಯ ಮೇಲಿನ ನೆರಳು ಹೋಗುತ್ತದೆ, ಕಾಗೆಗೆ ದಾರಿ ತೆರೆಯುತ್ತದೆ. ನೀವು ನಿಂತಿರುವಷ್ಟು ಹೊತ್ತು ತಾಯಿ ಕಾವು ಬಿಟ್ಟು ದೂರ ಕೂತಿರುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕಾಡುಹಕ್ಕಿಗಳ ಮೊಟ್ಟೆಗೆ, ಗೂಡಿಗೆ ತೊಂದರೆ ಕೊಡುವುದನ್ನು 'ಬೇಟೆ'ಯ ವ್ಯಾಖ್ಯೆಯೊಳಗೇ ಸೇರಿಸಿದೆ. ಗೂಡು ಕಂಡರೆ ಹಿಂದೆ ಸರಿಯಿರಿ. ಅದು ಇರುವ ಜಾಗವನ್ನು ಯಾವ ವಾಟ್ಸ್‌ಆ್ಯಪ್ ಗುಂಪಿನಲ್ಲೂ ಹಾಕಬೇಡಿ. ನೀವು ಹೊರಟ ಮೇಲೆ ಬರುವ ಹತ್ತು ಮಂದಿ ನಿಮ್ಮಷ್ಟು ದೂರದಲ್ಲಿ ನಿಲ್ಲುವುದಿಲ್ಲ.